ವ್ಯವಹಾರಪರೀಕ್ಷೆಗಳಲ್ಲಿ ಮಿತಾಕ್ಷರೆಯ ಪಠನ

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯೆಂಬ ವ್ಯಾಖ್ಯಾನವು ಮಹಾಪಂಡಿತರ ವಾಕ್ಯಾರ್ಥಕ್ಕಾಗಿಯೇ ಹುಟ್ಟಿದ ಗ್ರಂಥವೆಂಬ ಭಾವನೆಯು ಸಾಮಾನ್ಯವಾಗಿ ಪ್ರಚಾರದಲ್ಲಿದೆ. ಗ್ರಂಥಕರ್ತನ ಅಭಿಪ್ರಾಯವು ಹಾಗಿಲ್ಲ. ವಿಶ್ವರೂಪಾಚಾರ್ಯನ ವ್ಯಾಖ್ಯಾನವು ವಿಸ್ತಾರವೂ ವಿಕಟವೂ ಆಗಿರುವುದರಿಂದ, ಅದೇ ಶಾಸ್ತ್ರವನ್ನು ಋಜುವಾದ ಮಿತವಾದ ಮಾತುಗಳಲ್ಲಿ ಬಾಲರ ಬೋಧಕ್ಕಾಗಿ ವಿವೇಚಿಸುವುದಾಗಿ ಅವನು ಆರಂಭದಲ್ಲಿಯೇ ತಿಳಿಸಿದ್ದಾನೆ. ಇಲ್ಲಿ ಬಾಲರೆಂದರೆ ಎಳೆಯ ಮಕ್ಕಳಲ್ಲ; ವ್ಯಾಕರಣ ತರ್ಕಗಳನ್ನು ತಕ್ಕಮಟ್ಟಿಗೆ ಓದಿ ಧರ್ಮಶಾಸ್ತ್ರದ ಬಾಗಿಲಿಗೆ ಹೊಸದಾಗಿ ಬಂದು ನಿಂತಿರುವ ವಿದ್ಯಾರ್ಥಿಗಳು. ಆದಕಾರಣ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ, ಇಂದು ಬೀದರ ಜಿಲ್ಲೆಯ ಬಸವಕಲ್ಯಾಣವೆನಿಸಿರುವ ಕಲ್ಯಾಣಪಟ್ಟಣದಲ್ಲಿ, ಒಬ್ಬ ಸಂನ್ಯಾಸಿಯು ಬರೆದ ಈ ಗ್ರಂಥವನ್ನು ವ್ಯವಹಾರಶಾಸ್ತ್ರದ ಪ್ರವೇಶಗ್ರಂಥವೆಂದು ಕರೆಯುವುದು ಯುಕ್ತವಾಗಿದೆ.

ಈ ಸಂಗತಿಯನ್ನು ಈಗ ಸ್ಮರಿಸುವುದಕ್ಕೆ ಒಂದು ಕಾರಣವುಂಟು. ೧೯೮೬ರ ಕರ್ನಾಟಕ ಶಾಸನದಿಂದ ಸ್ಥಾಪಿತವಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ೧೯೮೮ರಲ್ಲಿ ಐದು ವರ್ಷಗಳ ಪಾಠಕ್ರಮವನ್ನು ಆರಂಭಿಸಿದ ಮೇಲೆ ದೇಶದ ಇತರ ಭಾಗಗಳಲ್ಲಿಯೂ ಅಂತಹ ವಿದ್ಯಾಲಯಗಳು ತಲೆಯೆತ್ತಿದವು. ಅವುಗಳಲ್ಲಿ ಹಲವಕ್ಕೆ ೨೦೦೮ರಿಂದ ಒಂದೇ ಪ್ರವೇಶಪರೀಕ್ಷೆಯು ನಡೆದುಬರುತ್ತಿದೆ. ೨೦೨೦ರಿಂದ ಈ ಪರೀಕ್ಷೆಯ ರೀತಿಯು ಬದಲಾಯಿತು. ಸುಮಾರು ೪೫೦ ಶಬ್ದಗಳ ಒಂದು ಗದ್ಯಖಂಡವನ್ನು ಅಭ್ಯರ್ಥಿಯ ಮುಂದಿಟ್ಟು, ಅದರಲ್ಲಿ ಹೇಳಿರುವ ನಿಯಮವನ್ನು ಕೊಟ್ಟಿರುವ ಸಂದರ್ಭಕ್ಕೆ ಅನ್ವಯಿಸಿ ಉತ್ತರ ಹೇಳಬೇಕೆಂದು ಕೇಳುತ್ತಾರೆ. ಕಾನೂನಿನ ಪೂರ್ವಜ್ಞಾನವು ಅವಶ್ಯವಿಲ್ಲವೆಂಬುದು ಪರೀಕ್ಷಕರ ಸ್ಪಷ್ಟ ಘೋಷಣೆ. ಬುದ್ಧಿಯ ತೀಕ್ಷ್ಣತೆಯನ್ನು ಅಳೆಯುವುದಕ್ಕೆ ಇದು ಒಳ್ಳೆಯ ಉಪಾಯವೇ ಸರಿ. ಆದರೆ ಗ್ರಂಥದಿಂದ ಒಂದು ಖಂಡವನ್ನು ಕತ್ತರಿಸಿ ತೆಗೆದು, ಇಷ್ಟರಿಂದಲೇ ನಿರ್ಣಯಿಸತಕ್ಕದ್ದೆಂಬ ಕ್ರಮವು ಹೊಸದಲ್ಲ. ಪರೀಕ್ಷೆಯ ಕೋಣೆಯಲ್ಲಿ ಮಾತ್ರವಲ್ಲದೆ ನ್ಯಾಯಸ್ಥಾನದಲ್ಲಿಯೂ ಇದೇ ಕ್ರಮವು ನಡೆದಾಗ ಏನಾಗುತ್ತದೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಿತಾಕ್ಷರೆಗೆ ಒದಗಿದ ಗತಿಯೇ ದೃಷ್ಟಾಂತವಾಗಿದೆ.

ಯಾಜ್ಞವಲ್ಕ್ಯಸ್ಮೃತಿಯು ಸುಮಾರು ಒಂದು ಸಾವಿರ ಶ್ಲೋಕಗಳ ಗ್ರಂಥ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂದು ಅದರಲ್ಲಿ ಮೂರು ಅಧ್ಯಾಯಗಳಿವೆ. ವ್ಯವಹಾರಾಧ್ಯಾಯದಲ್ಲಿ ನ್ಯಾಯಸಭೆಯ ಲಕ್ಷಣ, ಭಾಷೆ ಉತ್ತರ ಕ್ರಿಯೆ ಸಾಧ್ಯಸಿದ್ಧಿಯೆಂಬ ವ್ಯವಹಾರದ ನಾಲ್ಕು ಪಾದಗಳು, ಲಿಖಿತ ಭುಕ್ತಿ ಸಾಕ್ಷಿಗಳೆಂಬ ಪ್ರಮಾಣಗಳು, ಇವು ದೊರೆಯದಿದ್ದಾಗ ದಿವ್ಯಗಳು, ಋಣಾದಾನ, ನಿಕ್ಷೇಪ ಮುಂತಾದುವೆಲ್ಲ ಬಂದ ಮೇಲೆ ದಾಯವಿಭಾಗವು ಬರುತ್ತದೆ. ದಾಯವಿಭಾಗದ ಮೂಲಶ್ಲೋಕಗಳು ಸುಮಾರು ಮೂವತ್ತೈದು ಮಾತ್ರ. ಆದರೆ ವಿಜ್ಞಾನೇಶ್ವರನ ವ್ಯಾಖ್ಯಾನವು ಇಲ್ಲಿ ಸ್ವತಂತ್ರಗ್ರಂಥದಂತೆ ಬೆಳೆಯುತ್ತದೆ. ಸ್ವತ್ವವೆಂಬುದು ಶಾಸ್ತ್ರದಿಂದಲೇ ತಿಳಿಯತಕ್ಕದ್ದೋ ಲೋಕದಿಂದ ಸಿದ್ಧವಾದುದೋ ಎಂಬ ಪ್ರಶ್ನೆಯನ್ನೆತ್ತಿ, ಪೂರ್ವಪಕ್ಷವನ್ನು ಬಲವಾಗಿ ಮಂಡಿಸಿ, ಮೀಮಾಂಸಕರ ಅಧಿಕರಣವನ್ನು ಆಧಾರವಾಗಿ ಹಿಡಿದು, ಸ್ವತ್ವವು ಲೌಕಿಕವೇ ಎಂದು ಅವನು ಸಿದ್ಧಾಂತಪಡಿಸುತ್ತಾನೆ. ಶಾಸ್ತ್ರವನ್ನರಿಯದ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುತ್ತಿರುವುದನ್ನು ಕಂಡವನ ಮಾತು ಇದು. ಇದೇ ಸಂದರ್ಭದಲ್ಲಿ ಭೂಮಿಯ ಪರಭಾರೆಗೆ ಗ್ರಾಮದವರ, ದಾಯಾದಿಗಳ, ನೆರೆಹೊರೆಯವರ ಸಮ್ಮತಿಯೂ ಹಿರಣ್ಯೋದಕದಾನವೂ ಬೇಕೆಂಬ ವಚನವನ್ನು ಅವನು ವಿಮರ್ಶಿಸುತ್ತಾನೆ. ಗ್ರಾಮದವರ ಸಮ್ಮತಿಯು ವ್ಯವಹಾರವು ಪ್ರಕಟವಾಗಲೆಂದೇ ಹೊರತು, ಅದಿಲ್ಲದಿದ್ದರೆ ವ್ಯವಹಾರವೇ ಅಸಿದ್ಧವೆಂದಲ್ಲ. ನೀರೆರೆಯುವುದು ವಿಕ್ರಯಕ್ಕೂ ದಾನದ ರೂಪವನ್ನು ಕೊಡುವುದಕ್ಕಾಗಿ. ಕನ್ನಡ ಶಾಸನಗಳಲ್ಲಿ ಧಾರಾಪೂರ್ವಕವೆಂಬ ಮಾತನ್ನು ಹೆಜ್ಜೆಹೆಜ್ಜೆಗೂ ಕಂಡವರಿಗೆ ಈ ಭಾಗವನ್ನು ಓದುವಾಗ ವಿಜ್ಞಾನೇಶ್ವರನ ಕಿಟಕಿಯ ಹೊರಗೆ ಯಾವ ದೇಶವಿತ್ತೆಂಬುದು ಹೊಳೆಯದಿರದು.

ಈ ಗ್ರಂಥವು ಪರೀಕ್ಷೆಯ ವಸ್ತುವಾದುದು ಕಂಪೆನಿ ಸರ್ಕಾರದ ಕಾಲದಲ್ಲಿ. ೧೭೭೨ರಲ್ಲಿ ವಾರನ್ ಹೇಸ್ಟಿಂಗ್ಸನು, ದಾಯ ವಿವಾಹ ಜಾತಿ ಮುಂತಾದ ವಿಷಯಗಳಲ್ಲಿ ಹಿಂದುಗಳಿಗೆ ಅವರ ಶಾಸ್ತ್ರವನ್ನೂ ಮುಸಲ್ಮಾನರಿಗೆ ಕುರಾನಿನ ಧರ್ಮವನ್ನೂ ಅನುಸರಿಸಿ ನ್ಯಾಯ ಹೇಳತಕ್ಕದ್ದೆಂದು ವಿಧಿಸಿದನು. ನ್ಯಾಯಾಧೀಶರಿಗೆ ಸಂಸ್ಕೃತವು ತಿಳಿಯದಾದುದರಿಂದ ಪ್ರತಿಯೊಂದು ನ್ಯಾಯಸ್ಥಾನಕ್ಕೂ ಪಂಡಿತನೊಬ್ಬನು ಬೇಕಾದನು. ಪಂಡಿತರ ಮೇಲೆ ಅಧಿಕಾರಿಗಳಿಗೆ ಪೂರ್ಣವಾದ ನಂಬಿಕೆಯಿರಲಿಲ್ಲವೆಂಬುದು ಸುಪ್ರಸಿದ್ಧ. ಸರ್ ವಿಲಿಯಂ ಜೋನ್ಸನು ಸಂಸ್ಕೃತವನ್ನು ಕಲಿಯಲು ತೊಡಗಿದುದಕ್ಕೆ ಈ ಸಂಶಯವೂ ಒಂದು ಕಾರಣ. ವ್ಯವಸ್ಥೆಯನ್ನು ಹಣಕ್ಕೆ ಮಾರುವವರು ಒಬ್ಬರೂ ಇರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಎಲ್ಲರೂ ಅಂಥವರೇ ಎಂಬುದು ಅದಕ್ಕಿಂತಲೂ ದೂರವಾದ ಮಾತು.

ಇಂತಹ ಪಂಡಿತರನ್ನು ಆರಿಸುವುದಕ್ಕಾಗಿ ವಿದ್ಯಾಶಾಲೆಗಳೂ ಪರೀಕ್ಷೆಗಳೂ ಏರ್ಪಟ್ಟವು. ೧೭೯೧ರಲ್ಲಿ ಕಾಶಿಯಲ್ಲಿ ಜೊನಾಥನ್ ಡಂಕನ್ನನು ಸ್ಥಾಪಿಸಿದ ಸಂಸ್ಕೃತ ವಿದ್ಯಾಶಾಲೆ, ಮದರಾಸಿನಲ್ಲಿ ೧೮೧೨ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು, ೧೮೨೪ರಲ್ಲಿ ತೆರೆದ ಕಲಕತ್ತೆಯ ಸಂಸ್ಕೃತ ಕಾಲೇಜು ಇವು ಮುಖ್ಯವಾದುವು. ಕಲಕತ್ತೆಯಲ್ಲಿ ಹಿಂದೂ ಲಾ ಕಮಿಟಿಯೆಂಬ ಪರೀಕ್ಷಕಮಂಡಲಿಯಿಂದ ಪ್ರಮಾಣಪತ್ರವನ್ನು ಪಡೆದವನು ನ್ಯಾಯಸ್ಥಾನದ ಪಂಡಿತನಾಗಲು ಅರ್ಹನಾಗುತ್ತಿದ್ದನು. ಮನುಸ್ಮೃತಿ, ಮಿತಾಕ್ಷರೆ, ಜೀಮೂತವಾಹನನ ದಾಯಭಾಗ, ದತ್ತಕಮೀಮಾಂಸೆ, ದತ್ತಕಚಂದ್ರಿಕೆ ಮುಂತಾದ ಗ್ರಂಥಗಳನ್ನು ಮೂಲದಲ್ಲಿಯೇ ಓದಿದವರಿಗಲ್ಲದೆ ಈ ಪರೀಕ್ಷೆಯು ಸಾಧ್ಯವಾಗುತ್ತಿರಲಿಲ್ಲ. ೧೮೨೦ರಲ್ಲಿ ಜನಿಸಿದ ಈಶ್ವರಚಂದ್ರ ವಿದ್ಯಾಸಾಗರರು ೧೮೩೯ರಲ್ಲಿ, ಎಂದರೆ ಇಪ್ಪತ್ತು ವರ್ಷ ತುಂಬುವ ಮೊದಲೇ, ಇದರಲ್ಲಿ ಉತ್ತೀರ್ಣರಾದರು. ಅವರು ನ್ಯಾಯಸ್ಥಾನದ ಪಂಡಿತರಾಗಲಿಲ್ಲ. ಆದರೆ ಆ ಓದು ವ್ಯರ್ಥವಾಗಲಿಲ್ಲ. ವಿಧವಾವಿವಾಹಕ್ಕೆ ಅನುಕೂಲವಾದ ಪ್ರಮಾಣವನ್ನು ಪರಾಶರಸ್ಮೃತಿಯಿಂದ ಎತ್ತಿ ತೋರಿಸಿ ೧೮೫೫ರಲ್ಲಿ ಅವರು ನಡೆಸಿದ ವಾದದ ಫಲವಾಗಿ ೧೮೫೬ರ ಹದಿನೈದನೆಯ ಆಕ್ಟು ಹುಟ್ಟಿತು. ಪರಾಶರಸ್ಮೃತಿಯು ದಾಯಭಾಗದ ಗ್ರಂಥವಲ್ಲ. ನ್ಯಾಯಸ್ಥಾನಕ್ಕೆ ಉಪಯೋಗವಿಲ್ಲವೆಂದು ಅದನ್ನು ಬದಿಗಿಟ್ಟಿದ್ದವರ ಕೈಗೆ ಈ ಪ್ರಮಾಣವು ಸಿಕ್ಕುತ್ತಿರಲಿಲ್ಲ.

ಅಷ್ಟರಲ್ಲಿಯೇ ಮತ್ತೊಂದು ಬಗೆಯ ಓದು ಬೆಳೆಯುತ್ತಲಿತ್ತು. ೧೮೧೦ರಲ್ಲಿ ಹೆನ್ರಿ ಥಾಮಸ್ ಕೋಲ್‌ಬ್ರೂಕನು ಜೀಮೂತವಾಹನನ ದಾಯಭಾಗವನ್ನೂ ಮಿತಾಕ್ಷರೆಯ ದಾಯವಿಭಾಗಪ್ರಕರಣವನ್ನೂ ಇಂಗ್ಲಿಷಿಗೆ ಪರಿವರ್ತಿಸಿ ಕಲಕತ್ತೆಯಲ್ಲಿ ಪ್ರಕಟಿಸಿದನು. ಕೋಲ್‌ಬ್ರೂಕನ ಪಾಂಡಿತ್ಯವನ್ನು ಕುರಿತು ಯಾರೂ ಲಘುವಾಗಿ ಮಾತನಾಡಲಾಗದು. ಮೂಲದಲ್ಲಿ ಇಲ್ಲದ ಅಧ್ಯಾಯ, ಖಂಡ, ವಾಕ್ಯಸಂಖ್ಯೆಗಳನ್ನು ಹಾಕಿ, ವಕೀಲನು ಬೇಕಾದ ಸ್ಥಳವನ್ನು ಕ್ಷಣದಲ್ಲಿ ತೆಗೆದು ತೋರಿಸುವಂತೆ ಅವನು ಗ್ರಂಥವನ್ನು ಸಿದ್ಧಪಡಿಸಿದನು. ೧೮೨೧ರಲ್ಲಿ ಸದರ್ಲೆಂಡನು ದತ್ತಕಗ್ರಂಥಗಳೆರಡನ್ನೂ, ೧೮೨೭ರಲ್ಲಿ ಬೊರಡೈಲನು ನೀಲಕಂಠಭಟ್ಟನ ವ್ಯವಹಾರಮಯೂಖವನ್ನೂ ಪರಿವರ್ತಿಸಿದರು. ವ್ಯವಹಾರಾಧ್ಯಾಯದ ಪೂರ್ವಭಾಗದ ಕೆಲವಂಶವು ಮ್ಯಾಕ್‌ನಾಟನನ ಗ್ರಂಥದಲ್ಲಿ ೧೮೨೯ರಲ್ಲಿ ಹೊರಬಂದಿತು. ಮದರಾಸಿನ ಸರ್ ಥಾಮಸ್ ಸ್ಟ್ರೇಂಜನು ೧೮೨೫ರಲ್ಲಿ ಹಿಂದೂ ಲಾ ಎಂಬ ಸಂಗ್ರಹವನ್ನೇ ಬರೆದನು. ಹೀಗೆ ಮೂಲಕ್ಕೆ ಪರಿವರ್ತನವೂ, ಪರಿವರ್ತನಕ್ಕೆ ಸಂಗ್ರಹವೂ ಬಂದುವು. ೧೮೫೭ರಲ್ಲಿ ಮೂರು ಪ್ರೆಸಿಡೆನ್ಸಿಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾಗಿ ಕಾನೂನಿನ ಪದವಿಗಳು ಬಂದ ಮೇಲೆ ವಿದ್ಯಾರ್ಥಿಗಳ ಕೈಯಲ್ಲಿ ಉಳಿದುವು ಈ ಇಂಗ್ಲಿಷ್ ಪುಸ್ತಕಗಳೇ. ೧೮೭೮ರಲ್ಲಿ ಮೇಯ್ನನ ಗ್ರಂಥವೂ ೧೯೧೨ರಲ್ಲಿ ಮುಲ್ಲಾ ಅವರ ಗ್ರಂಥವೂ ಹೊರಬಂದು, ಕೋಲ್‌ಬ್ರೂಕನನ್ನು ಸಹ ಅನೇಕರು ಕಾಣದಂತಾಯಿತು. ೧೮೬೪ರ ಹನ್ನೊಂದನೆಯ ಆಕ್ಟಿನಿಂದ ನ್ಯಾಯಸ್ಥಾನದ ಪಂಡಿತರ ಮತ್ತು ಮೌಲವಿಗಳ ಹುದ್ದೆಗಳು ರದ್ದಾದುವು. ಅಂದಿನಿಂದ ಹಿಂದೂ ಕಾನೂನನ್ನು ವಾದಿಸುವವನಿಗಾಗಲಿ ನಿರ್ಣಯಿಸುವವನಿಗಾಗಲಿ ಸಂಸ್ಕೃತದ ಒಂದಕ್ಷರವೂ ತಿಳಿದಿರಬೇಕಾದ ನಿರ್ಬಂಧವು ಉಳಿಯಲಿಲ್ಲ.

ಇದನ್ನು ಕೇವಲ ಹಾನಿಯೆಂದು ಹೇಳುವ ವಿದ್ವಾಂಸರಿದ್ದಾರೆ. ಅದು ನ್ಯಾಯವಲ್ಲ. ಪಾಠಶಾಲೆಯ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಕಲಕತ್ತೆಯ ಸಂಸ್ಕೃತ ಕಾಲೇಜಿನಲ್ಲಿಯೇ ಬ್ರಾಹ್ಮಣ ವೈದ್ಯರಲ್ಲದವರಿಗೆ ಪ್ರವೇಶವು ದೊರೆತುದು ವಿದ್ಯಾಸಾಗರರು ಅಲ್ಲಿ ಮುಖ್ಯಾಧಿಕಾರಿಗಳಾದ ಮೇಲೆ. ತನ್ನ ಮನೆಯ ಪಾಲು ಯಾವ ವಚನದಿಂದ ನಿರ್ಣೀತವಾಗುತ್ತದೆಂಬುದನ್ನು ಯಾರು ಬೇಕಾದರೂ ತೆರೆದು ನೋಡುವಂತೆ ಮಾಡಿದುದು ಇಂಗ್ಲಿಷ್ ಪರಿವರ್ತನವೇ. ಸಾಕ್ಷಿ ದಿವ್ಯಗಳ ಪ್ರಕರಣಗಳೂ ೧೮೫೯ರ ಸಿವಿಲ್ ಪ್ರೊಸೀಜರ್ ಕೋಡು ಮತ್ತು ೧೮೭೨ರ ಎವಿಡೆನ್ಸ್ ಆಕ್ಟುಗಳು ಬಂದ ಮೇಲೆ ನ್ಯಾಯಸ್ಥಾನದ ಮಟ್ಟಿಗೆ ನಿರುಪಯೋಗವಾದುವು. ಅವನ್ನು ಓದದವರು ಯಾವ ಪಕ್ಷಗಾರನಿಗೂ ದ್ರೋಹ ಮಾಡಿದಂತಾಗಲಿಲ್ಲ. ದೋಷವಿದ್ದುದು ಬೇರೊಂದು ಕಡೆಯಲ್ಲಿ.

ದಾಯವಿಭಾಗದಲ್ಲಿ ಅಪುತ್ರನಾಗಿ ಮೃತನಾದವನ ಧನವು ಪತ್ನಿ, ಪುತ್ರಿಯರು, ತಂದೆತಾಯಿಗಳು, ಸಹೋದರರು, ಅವರ ಪುತ್ರರು, ಗೋತ್ರಜರು, ಬಂಧುಗಳು ಈ ಕ್ರಮದಲ್ಲಿ ಹೋಗತಕ್ಕದ್ದೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಗೋತ್ರಜರೆಂದರೆ ಯಾರೆಂಬಲ್ಲಿ ವಿಜ್ಞಾನೇಶ್ವರನು ಪಿತಾಮಹಿಯನ್ನು ಮೊದಲು ಹೇಳಿ, ಅನಂತರ ಸಪಿಂಡರನ್ನೂ ಸಮಾನೋದಕರನ್ನೂ ಹೇಳುತ್ತಾನೆ. ಆದರೆ ಸಪಿಂಡನೆಂದರೆ ಯಾರು? ಈ ಪ್ರಕರಣದಲ್ಲಿ ಅವನು ಅದನ್ನು ವಿವರಿಸುವುದಿಲ್ಲ. ವಿವರಿಸಬೇಕಾದ ಅಗತ್ಯವೂ ಅವನಿಗಿರಲಿಲ್ಲ. ಏಕೆಂದರೆ ಗ್ರಂಥವನ್ನು ಮೊದಲಿನಿಂದ ಓದುತ್ತ ಬಂದ ಬಾಲನಿಗೆ ಆ ಶಬ್ದದ ಅರ್ಥವು ಆಗಲೇ ತಿಳಿದಿರುತ್ತದೆ. ಆಚಾರಾಧ್ಯಾಯದ ವಿವಾಹಪ್ರಕರಣದಲ್ಲಿ, ವರನು ತನಗೆ ಸಪಿಂಡಳಲ್ಲದ ಕನ್ಯೆಯನ್ನು ವರಿಸಬೇಕೆಂಬ ಸ್ಥಳದಲ್ಲಿ, ವಿಜ್ಞಾನೇಶ್ವರನು ಈ ವಿಚಾರಕ್ಕೆ ಬೇಕಾದಷ್ಟು ಎಡೆಯನ್ನು ಕೊಟ್ಟಿದ್ದಾನೆ. ಪಿಂಡವೆಂದರೆ ದೇಹ, ಒಂದೇ ದೇಹದ ಅವಯವಗಳ ಅನುವೃತ್ತಿಯು ಯಾರಲ್ಲಿದೆಯೋ ಅವರು ಪರಸ್ಪರ ಸಪಿಂಡರು. ಮಗನಿಗೆ ತಂದೆಯೊಡನೆ ಸಾಕ್ಷಾತ್ತಾಗಿಯೂ ಪಿತಾಮಹನೊಡನೆ ತಂದೆಯ ದ್ವಾರದಿಂದಲೂ ಈ ಸಂಬಂಧವುಂಟು. ಹಾಗೆಯೇ ತಾಯಿಯೊಡನೆ, ಮಾತಾಮಹನೊಡನೆ, ಸೋದರಮಾವನೊಡನೆ. ಪತಿಪತ್ನಿಯರು ಒಂದು ಶರೀರವನ್ನು ಕೂಡಿ ಹುಟ್ಟಿಸುವವರಾದುದರಿಂದ ಅವರೂ ಸಪಿಂಡರು. ಅಣ್ಣತಮ್ಮಂದಿರ ಹೆಂಡಿರೂ ಇದೇ ನ್ಯಾಯದಿಂದ ಪರಸ್ಪರ ಸಪಿಂಡೆಯರು. ಹೀಗೆ ಹೇಳುತ್ತ ಹೋದರೆ ಅನಾದಿಯಾದ ಸಂಸಾರದಲ್ಲಿ ಎಲ್ಲರಿಗೂ ಎಲ್ಲರೊಡನೆಯೂ ಸಂಬಂಧವು ಬಂದೀತಲ್ಲ ಎಂಬ ಅತಿಪ್ರಸಂಗವನ್ನೂ ಅವನೇ ಎತ್ತಿ, ತಂದೆಯ ಕಡೆಯಲ್ಲಿ ಏಳನೆಯ, ತಾಯಿಯ ಕಡೆಯಲ್ಲಿ ಐದನೆಯ ತಲೆಯಲ್ಲಿ ಸಾಪಿಂಡ್ಯವು ನಿಲ್ಲುತ್ತದೆಂಬ ಮುಂದಿನ ವಚನದಿಂದ ಅದನ್ನು ಪರಿಹರಿಸುತ್ತಾನೆ.

ಆಚಾರಾಧ್ಯಾಯವನ್ನು ಕೋಲ್‌ಬ್ರೂಕನು ಪರಿವರ್ತಿಸಲಿಲ್ಲ. ವಿವಾಹ, ಶ್ರಾದ್ಧ, ಭಕ್ಷ್ಯಾಭಕ್ಷ್ಯಗಳನ್ನು ಹೇಳುವ ಆ ಭಾಗವು ದಾಯದ ವಿಷಯಕ್ಕೆ ಬೇಕಾದುದಲ್ಲವೆಂದು ತೋರಿದುದು ಆಶ್ಚರ್ಯವಲ್ಲ. ಆದರೆ ದಾಯವಿಭಾಗದಲ್ಲಿ ಸಪಿಂಡಶಬ್ದವು ಬಂದ ಕಡೆ ಅವನು ಅದಕ್ಕೆ ಪಿಂಡಪ್ರದಾನದಿಂದ ಸಂಬಂಧಿಸಿದವರು ಎಂಬ ಅರ್ಥವನ್ನು ಕೊಟ್ಟನು. ಇದು ಜೀಮೂತವಾಹನನ ಮತ. ಶ್ರಾದ್ಧದಲ್ಲಿ ಮೃತನಿಗೆ ಯಾರಿಂದ ಉಪಕಾರವೋ ಅವರಿಗೆ ಧನವೆಂಬುದು ಬಂಗಾಳದ ಸಿದ್ಧಾಂತ. ಎರಡು ಗ್ರಂಥಗಳೂ ಒಂದೇ ರಟ್ಟಿನೊಳಗೆ ಬಂದುದರಿಂದ ಒಂದರ ಅರ್ಥವು ಇನ್ನೊಂದರೊಳಕ್ಕೆ ಹರಿಯಿತೆನ್ನಬಹುದು. ಮಿತಾಕ್ಷರೆಯು ನಡೆಯುವ ದೇಶಗಳಲ್ಲಿಯೂ ಈ ಪುಸ್ತಕವನ್ನೇ ಓದಿದ ವಕೀಲರೂ ನ್ಯಾಯಾಧೀಶರೂ, ಯಾರು ಯಾರಿಗೆ ಪಿಂಡವನ್ನಿಡಬಲ್ಲರೆಂಬುದನ್ನು ಎಣಿಸುತ್ತ ಕುಳಿತರು.

ಈ ಎಣಿಕೆಯಲ್ಲಿ ಹೆಂಗಸಿನ ಪಾಲಿಗೆ ಏನು ಉಳಿಯುತ್ತದೆಂಬುದನ್ನು ವಿಸ್ತರಿಸಬೇಕಾದುದಿಲ್ಲ. ಪಿಂಡವನ್ನಿಡುವ ಅಧಿಕಾರವು ಪ್ರಾಯಶಃ ಗಂಡಸರದು. ದಾಯಾದಿಯೊಬ್ಬನ ವಿಧವೆಯು ತನ್ನ ಗಂಡನ ಕುಲದಲ್ಲಿ ಮೃತನಾದ ಬೇರೊಬ್ಬನ ಆಸ್ತಿಯನ್ನು ಕೇಳಿದರೆ, ಶ್ರಾದ್ಧದ ಲೆಕ್ಕದಲ್ಲಿ ಅವಳಿಗೆ ಸ್ಥಾನವೇ ಕಾಣುವುದಿಲ್ಲ. ದೇಹಸಂಬಂಧದ ಲೆಕ್ಕದಲ್ಲಾದರೋ ಅವಳು ಗಂಡನ ಮೂಲಕ ಆ ಕುಲದ ಸಪಿಂಡೆಯೇ ಆಗುತ್ತಾಳೆ. ಒಂದು ಶಬ್ದದ ಅರ್ಥದ ಮೇಲೆ ಅವಳ ಹೊಲಮನೆಗಳು ನಿಂತಿದ್ದುವು.

ಮುಂಬಯಿ ಆಧಿಪತ್ಯದಲ್ಲಿ ಈ ದೋಷವು ಹೊರಬಿದ್ದಿತು. ಅಲ್ಲಿಯ ಜಿಲ್ಲಾ ನ್ಯಾಯಸ್ಥಾನಗಳ ಶಾಸ್ತ್ರಿಗಳು ಪಂಡಿತರ ಹುದ್ದೆಗಳು ಹೋಗುವುದಕ್ಕೆ ಮೊದಲು ಕೊಟ್ಟಿದ್ದ ಉತ್ತರಗಳು ಕಡತಗಳಲ್ಲಿ ಉಳಿದಿದ್ದುವು. ಅವನ್ನು ರೇಮಂಡ್ ವೆಸ್ಟನೂ, ಪ್ರಸಿದ್ಧ ಸಂಸ್ಕೃತ ವಿದ್ವಾಂಸನಾದ ಗೇಯೋರ್ಗ್ ಬ್ಯೂಲರನೂ ಕೂಡಿ ಪರಿಶೋಧಿಸಿ ೧೮೬೭ ಮತ್ತು ೧೮೬೯ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಧಾರವಾಡದ ಶಾಸ್ತ್ರಿಗಳ ಉತ್ತರಗಳೂ ಅವುಗಳಲ್ಲಿ ಸೇರಿವೆ. ಶಾಸ್ತ್ರಿಗಳು ಮಿತಾಕ್ಷರೆಯನ್ನು ಇಡಿಯಾಗಿ ಓದಿದ್ದವರು. ಸಂಪಾದಕರೂ ಮೂಲವನ್ನು ತೆರೆದು ನೋಡಬಲ್ಲವರು. ಆಚಾರಾಧ್ಯಾಯದ ಸಾಪಿಂಡ್ಯವಿಚಾರವು ಇಂಗ್ಲಿಷ್ ಬಲ್ಲ ವಕೀಲರ ಕಣ್ಣಿಗೆ ಬಿದ್ದುದು ಇವರಿಂದ. ವೆಸ್ಟನೇ ಮುಂದೆ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶನಾದುದು ಒಂದು ಸುಯೋಗ.

೧೮೭೬ರಲ್ಲಿ ಲಲ್ಲೂಭಾಯಿ ಬಾಪೂಭಾಯಿಯ ವ್ಯಾಜ್ಯದಲ್ಲಿ ಮುಂಬಯಿ ಹೈಕೋರ್ಟು ಈ ವಿಷಯವನ್ನು ಸಾಂಗವಾಗಿ ವಿಮರ್ಶಿಸಿತು. ಮೃತನಿಗೆ ಸಮೀಪನಾದ ದಾಯಾದಿಯ ವಿಧವೆಗೂ, ಹಲವು ತಲೆಗಳಾಚೆ ಕೂಡುವ ಗಂಡು ದಾಯಾದಿಗೂ ನಡೆದ ವಿವಾದವದು. ನ್ಯಾಯಾಧೀಶರು ಆಚಾರಾಧ್ಯಾಯದ ಲಕ್ಷಣವನ್ನೇ ದಾಯದಲ್ಲಿಯೂ ಗ್ರಹಿಸಬೇಕೆಂದು ಹೇಳಿ ವಿಧವೆಯ ಪರವಾಗಿ ನಿರ್ಣಯಿಸಿದರು. ೧೮೮೦ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಈ ತೀರ್ಪನ್ನು ಸ್ಥಿರಪಡಿಸಿತು. ಒಬ್ಬನೇ ಗ್ರಂಥಕಾರನು ಒಂದೇ ಗ್ರಂಥದಲ್ಲಿ ಒಂದು ಪಾರಿಭಾಷಿಕ ಶಬ್ದಕ್ಕೆ ಒಂದು ಕಡೆ ಒಂದರ್ಥವನ್ನು ಹೇಳಿ, ಮತ್ತೊಂದು ಕಡೆ ಸೂಚನೆಯಿಲ್ಲದೆ ಬೇರೊಂದರ್ಥದಲ್ಲಿ ಪ್ರಯೋಗಿಸಿದನೆಂದು ಊಹಿಸಲು ಕಾರಣವಿಲ್ಲವೆಂಬುದು ಈ ಸಿದ್ಧಾಂತದ ಸಾರ. ಪಾಠಶಾಲೆಯ ಬಾಲನಿಗೆ ಹೇಳಬೇಕಾಗಿಲ್ಲದ ಈ ಮಾತನ್ನು ಸಮುದ್ರದಾಚೆಯ ಅತ್ಯುಚ್ಚ ನ್ಯಾಯಪೀಠದಿಂದ ಹೇಳಿಸಲು ೧೮೧೦ರಿಂದ ಎಪ್ಪತ್ತು ವರ್ಷಗಳು ಹಿಡಿದುವು.

ಗ್ರಂಥದ ಅರ್ಥವೊಂದೇ ಈ ನಿರ್ಣಯಕ್ಕೆ ಆಧಾರವೆಂದು ತಿಳಿಯಬಾರದು. ಮುಂಬಯಿ ಪ್ರಾಂತದಲ್ಲಿ ವಿಧವೆಯರ ಈ ಹಕ್ಕನ್ನು ಜನರು ಅಂಗೀಕರಿಸಿ ನಡೆದುಬಂದಿದ್ದರೆಂಬುದನ್ನೂ ಪ್ರಿವಿ ಕೌನ್ಸಿಲಿನವರು ಗಣಿಸಿದರು. ಆದುದರಿಂದಲೇ ಇದರ ಫಲವು ಎಲ್ಲೆಡೆಗೂ ಹರಡಲಿಲ್ಲ. ಮದರಾಸಿನ ನ್ಯಾಯಸ್ಥಾನಗಳು ಸ್ಮೃತಿಚಂದ್ರಿಕೆಯನ್ನು ಗೌರವಿಸಿ, ಸ್ತ್ರೀಯರಿಗೆ ವಿಶೇಷವಚನವಿಲ್ಲದೆ ದಾಯವಿಲ್ಲವೆಂಬ ಪಕ್ಷವನ್ನು ಹಿಡಿದುವು. ಹೀಗಾಗಿ ಕನ್ನಡನಾಡಿನಲ್ಲಿಯೇ ಒಂದು ವಿಚಿತ್ರವು ಸಂಭವಿಸಿತು. ಧಾರವಾಡ, ಬೆಳಗಾವಿ, ಬಿಜಾಪುರಗಳಲ್ಲಿ ದಾಯಾದಿಯ ವಿಧವೆಗೆ ಗೋತ್ರಜಸಪಿಂಡೆಯ ಸ್ಥಾನವಿತ್ತು. ಮದರಾಸಿಗೆ ಸೇರಿದ್ದ ಬಳ್ಳಾರಿಯಲ್ಲಿ ಅಂತಹವಳಿಗೇ ಅದು ಇರಲಿಲ್ಲ. ತುಂಗಭದ್ರೆಯ ಎರಡು ದಡಗಳಲ್ಲಿಯೂ ನ್ಯಾಯಾಧೀಶರು ಹೆಸರಿಸುತ್ತಿದ್ದ ಗ್ರಂಥವು ಮಾತ್ರ ಕಲ್ಯಾಣದ ಸಂನ್ಯಾಸಿಯದೇ.

ಈ ವ್ಯಾಜ್ಯವಾದ ಮೇಲೆ ಇಡಿಯ ಗ್ರಂಥವನ್ನು ಓದಿಸುವ ಪ್ರಯತ್ನಗಳು ನಡೆದುವು. ಮುಂಬಯಿಯ ವಕೀಲರಾದ ವಿಶ್ವನಾಥ ನಾರಾಯಣ ಮಂಡಲಿಕರು ೧೮೮೦ರಲ್ಲಿ ಯಾಜ್ಞವಲ್ಕ್ಯಸ್ಮೃತಿಯನ್ನು ಪೂರ್ಣವಾಗಿ ಇಂಗ್ಲಿಷಿಗೆ ತಂದರು. ಆಚಾರಾಧ್ಯಾಯವು ಮಿತಾಕ್ಷರೆಯೊಡನೆ ೧೯೧೮ರಲ್ಲಿ ಶ್ರೀಶಚಂದ್ರ ವಿದ್ಯಾರ್ಣವರ ಪರಿವರ್ತನದಲ್ಲಿ ಅಲಹಾಬಾದಿನಿಂದ ಪ್ರಕಟವಾಯಿತು. ವಕೀಲಿಯನ್ನು ನಡೆಸುತ್ತಲೇ ಪಾಂಡುರಂಗ ವಾಮನ ಕಾಣೆಯವರು ೧೯೩೦ರಿಂದ ೧೯೬೨ರವರೆಗೆ ಐದು ಸಂಪುಟಗಳಲ್ಲಿ ರಚಿಸಿದ ಧರ್ಮಶಾಸ್ತ್ರದ ಇತಿಹಾಸವು ಈ ಮಾರ್ಗದ ಪರಮಾವಧಿ. ಆದರೆ ಪರೀಕ್ಷೆಗಳಿಗೆ ನಿಗದಿಯಾದ ಪುಸ್ತಕಗಳು ಇವಲ್ಲ. ವಿದ್ಯಾರ್ಥಿಗಳು ೧೮೮೦ರ ತೀರ್ಪಿನ ಸಾರವನ್ನು ಸಂಗ್ರಹಗ್ರಂಥದ ಒಂದು ಪರಿಚ್ಛೇದದಲ್ಲಿ ಕಲಿತರು. ಖಂಡವನ್ನು ಮಾತ್ರ ಓದಿದುದರಿಂದ ಹುಟ್ಟಿದ ತಪ್ಪನ್ನು ತಿದ್ದಿದ ಕಥೆಯೂ ಖಂಡವಾಗಿಯೇ ಅವರ ಕೈಸೇರಿತು.

೧೯೫೬ರ ಹಿಂದೂ ಉತ್ತರಾಧಿಕಾರ ಆಕ್ಟು ದಾಯಕ್ರಮವನ್ನು ಹೊಸದಾಗಿ ವಿಧಿಸಿದ ಮೇಲೆ ಗೋತ್ರಜಸಪಿಂಡರ ವಿವಾದಗಳು ಅಳಿದುವು. ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದಲೇ ಸಮಾಂಶವು ಕರ್ನಾಟಕದಲ್ಲಿ ೧೯೯೪ರ ತಿದ್ದುಪಡಿಯಿಂದಲೂ, ದೇಶಕ್ಕೆಲ್ಲ ೨೦೦೫ರ ತಿದ್ದುಪಡಿಯಿಂದಲೂ ದೊರೆಯಿತು. ಜನ್ಮದಿಂದ ಸ್ವತ್ವವೆಂಬ ವಿಜ್ಞಾನೇಶ್ವರನ ಸಿದ್ಧಾಂತವು ಅವನು ಎಣಿಸದಿದ್ದ ಕಡೆಗೆ ಹೀಗೆ ವಿಸ್ತರಿಸಿತು. ಸಪಿಂಡಶಬ್ದವಾದರೋ ದಾಯದಿಂದ ಹೊರಟು ತಾನು ಮೊದಲು ವಿವರಿಸಲ್ಪಟ್ಟ ವಿವಾಹಪ್ರಕರಣಕ್ಕೇ ಮರಳಿದೆ. ೧೯೫೫ರ ಹಿಂದೂ ವಿವಾಹ ಆಕ್ಟಿನ ಮೂರನೆಯ ಸೆಕ್ಷನ್ನಿನಲ್ಲಿ ಅದರ ಲಕ್ಷಣವಿದೆ. ತಂದೆಯ ಕಡೆಯ ಏಳು ತಲೆಗಳು ಅಲ್ಲಿ ಐದಾಗಿವೆ, ತಾಯಿಯ ಕಡೆಯ ಐದು ತಲೆಗಳು ಮೂರಾಗಿವೆ. ಒಬ್ಬರು ಮತ್ತೊಬ್ಬರಿಂದ ಹುಟ್ಟಿ ಬಂದವರೇ, ಅಥವಾ ಇಬ್ಬರೂ ಒಬ್ಬ ಮೂಲಪುರುಷನಿಂದ ಇಳಿದು ಬಂದವರೇ ಎಂಬುದನ್ನು ಆ ಸೆಕ್ಷನ್ನು ಕೇಳುತ್ತದೆ. ಪಿಂಡಪ್ರದಾನದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.